ಆಶ್ವಾಸ, ಸಂಧಿ, ಅಧ್ಯಾಯ: ಕಥನದ ಅಳತೆಯ ಪ್ರಶ್ನೆ

ಕಾದಂಬರಿಯ ಅಧ್ಯಾಯ ಎಷ್ಟು ದೀರ್ಘವಾಗಿರಬೇಕೆಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಪುಟಗಳ ಲೆಕ್ಕದಲ್ಲಿ ಕೇಳುತ್ತೇವೆ. ನಮ್ಮ ಪ್ರಾಚೀನ ಕವಿಗಳ ಲೆಕ್ಕ ಬೇರೆಯದಾಗಿತ್ತೆಂಬುದಕ್ಕೆ ಅವರು ಬಳಸಿದ ಹೆಸರುಗಳೇ ಸಾಕ್ಷಿ. ಆಶ್ವಾಸವೆಂದರೆ ಉಸಿರಾಟ, ವಿಶ್ರಾಂತಿ. ಸಂಧಿಯೆಂದರೆ ಕೀಲು. ಪರ್ವವೆಂದರೆ ಕಬ್ಬು, ಬಿದಿರುಗಳ ಗಿಣ್ಣು. ಅಧ್ಯಾಯವೆಂದರೆ ಪಾಠ. ಇವುಗಳಲ್ಲಿ ಯಾವುದೂ ಉದ್ದವನ್ನು ಸೂಚಿಸುವುದಿಲ್ಲ. ಎಲ್ಲಿ ನಿಲ್ಲಬೇಕು, ಎಲ್ಲಿ ಜೋಡಿಸಬೇಕು ಎಂಬುದನ್ನು ಸೂಚಿಸುತ್ತವೆ.

ಲಾಕ್ಷಣಿಕರು ಈ ವಿಷಯದಲ್ಲಿ ಮಿತಭಾಷಿಗಳು. ಸರ್ಗಗಳು ಅತಿವಿಸ್ತಾರವಾಗಿರಬಾರದೆಂದು ದಂಡಿ ಹೇಳುತ್ತಾನೆ. ಅತಿ ಚಿಕ್ಕವೂ ಆಗಬಾರದು, ಸರ್ಗದ ಕೊನೆಯಲ್ಲಿ ಮುಂದಿನ ಕಥೆಯ ಸೂಚನೆಯಿರಬೇಕು ಎಂದು ವಿಶ್ವನಾಥನು ಸೇರಿಸುತ್ತಾನೆ. ಪದ್ಯಸಂಖ್ಯೆಯನ್ನು ಇಬ್ಬರೂ ನಿಗದಿಪಡಿಸಿಲ್ಲ.

ಈ ಸ್ವಾತಂತ್ರ್ಯವನ್ನು ಜೈನಕವಿಗಳು ಹೇಗೆ ಬಳಸಿಕೊಂಡರೆಂಬುದು ಗಮನಾರ್ಹ. ಪಂಪನ 'ಆದಿಪುರಾಣ'ದಲ್ಲಿ 16 ಆಶ್ವಾಸಗಳಿವೆ. ಅವುಗಳಲ್ಲಿ ಮೊದಲ 6 ಭವಾವಳಿಗೆ ಮೀಸಲು. ಕಥಾನಾಯಕನಾದ ಆದಿನಾಥನ ಜನನಕ್ಕೆ ಓದುಗನು ಕಾಯಲೇಬೇಕು. ಪಠ್ಯಪುಸ್ತಕಗಳ ಸಂಗ್ರಹಗಳಲ್ಲಿ ಈ ಭಾಗವೇ ಮೊದಲು ಕತ್ತರಿಗೆ ಸಿಗುತ್ತದೆ. ನೀಲಾಂಜನೆಯ ನೃತ್ಯ, ಭರತ-ಬಾಹುಬಲಿ ಪ್ರಸಂಗ ಉಳಿಯುತ್ತವೆ. ಆದರೆ ಜನ್ಮಜನ್ಮಾಂತರಗಳ ಭೋಗವನ್ನು ಕಂಡು ಬಂದ ಜೀವಕ್ಕೆ ನೀಲಾಂಜನೆಯ ಕಣ್ಮರೆ ಏಕೆ ಸಾಕಾಯಿತೆಂಬುದು ಆ ಆರು ಆಶ್ವಾಸಗಳಿಲ್ಲದೆ ಅರ್ಥವಾಗದು. ಅಲ್ಲಿ ದೀರ್ಘತೆಯೇ ಅರ್ಥ.

'ವಡ್ಡಾರಾಧನೆ'ಯ 19 ಕಥೆಗಳೂ ಸಮಾನವಾಗಿಲ್ಲ. ಸುಕುಮಾರಸ್ವಾಮಿಯ ಕಥೆಯು ಹಿಂದಿನ ಭವಗಳನ್ನು ಒಳಗೊಂಡು ಬೆಳೆಯುತ್ತದೆ. ಜನ್ನನಾದರೋ 'ಯಶೋಧರ ಚರಿತೆ'ಯನ್ನು ಕೇವಲ 4 ಅವತಾರಗಳಲ್ಲಿ, ಬಹುಪಾಲು ಕಂದಪದ್ಯಗಳಲ್ಲಿಯೇ ಮುಗಿಸುತ್ತಾನೆ. ಹಿಟ್ಟಿನ ಕೋಳಿಯ ಬಲಿಯಿಂದ ಒದಗಿದ ಭವಗಳ ಸರಣಿಗೆ ವೇಗವೇ ಉಚಿತವೆಂದು ಅವನು ಬಲ್ಲನು.

ಕಟ್ಟೆಮಳಲವಾಡಿಯಿರುವ ಹುಣಸೂರು ಸೀಮೆಗೆ ಬಂದರೆ, ಇದೇ ತಾಲೂಕಿನ ಕಲ್ಲಹಳ್ಳಿಯ ಪ್ರಭು, ಚಂಗಾಳ್ವರ ಸಚಿವಕುಲದ ಮೂರನೆಯ ಮಂಗರಸನು ಸಿಗುತ್ತಾನೆ. 16ನೆಯ ಶತಮಾನದ ಆದಿಭಾಗದ ಈ ಜೈನಕವಿಯ ವಿಶೇಷವೆಂದರೆ ಛಂದಸ್ಸಿನ ಬದಲಾವಣೆ: 'ಸಮ್ಯಕ್ತ್ವಕೌಮುದಿ'ಗೆ ಉದ್ದಂಡ ಷಟ್ಪದಿ, 'ಜಯನೃಪಕಾವ್ಯ'ಕ್ಕೆ ಪರಿವರ್ಧಿನಿ, 'ಶ್ರೀಪಾಲಚರಿತೆ'ಗೆ ಸಾಂಗತ್ಯ. ಛಂದಸ್ಸು ಬದಲಾದರೆ ಸಂಧಿಯ ನಡೆಯೂ ಬದಲಾಗುತ್ತದೆ. ಷಟ್ಪದಿಯ ಆರು ಪಾದಗಳು ಹೊರುವ ಭಾರವನ್ನು ಸಾಂಗತ್ಯದ ನಾಲ್ಕು ಪಾದಗಳು ಹೊರಲಾರವು. ಹಾಡಿಗೊಲಿಯುವ ಸಾಂಗತ್ಯದ ಸಂಧಿಯು ಕೇಳುವವರ ಸಹನೆಯನ್ನೂ ಗಣಿಸಬೇಕು. ರತ್ನಾಕರವರ್ಣಿಯ 'ಭರತೇಶ ವೈಭವ'ದ ಸುಮಾರು 10,000 ಪದ್ಯಗಳು 80 ಸಂಧಿಗಳಾಗಿ ಹಂಚಿಹೋಗಿರುವುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಸರಾಸರಿ ಸಂಧಿಗೆ 125 ಪದ್ಯ; ಒಂದು ಕೂಟದ ವಾಚನಕ್ಕೆ ಒಗ್ಗುವ ಪ್ರಮಾಣವಿದು.

ಮುದ್ರಣಯುಗದಲ್ಲಿ ಕೇಳುಗನ ಸ್ಥಾನಕ್ಕೆ ಓದುಗ ಬಂದನು. ವಾರಪತ್ರಿಕೆಗಳ ಧಾರಾವಾಹಿಯಲ್ಲಿ ಸಂಪಾದಕನ ಪುಟಮಿತಿಯೂ ಬಂದಿತು. ವಿಶ್ವನಾಥನ ಭಾವಿಕಥಾಸೂಚನೆ ಅಲ್ಲಿ ವಾರವಾರದ ಕುತೂಹಲವಾಗಿ ಮರುಹುಟ್ಟು ಪಡೆಯಿತು. ಆದರೆ ಅಂಕಣದ ಅಳತೆಯು ಕಥೆಯ ಅಳತೆಯಾದಾಗ ಅಧ್ಯಾಯಗಳು ಇಟ್ಟಿಗೆಗಳಂತೆ ಸಮನಾಗುತ್ತವೆ. ಇದಕ್ಕೆ ವಿರುದ್ಧ ನಿದರ್ಶನ ಭೈರಪ್ಪನವರ 'ಪರ್ವ' (1979). ಅಲ್ಲಿ ಪಾತ್ರಗಳ ಸ್ಮರಣೆಯ ಹರಹೇ ಅಧ್ಯಾಯಗಳ ಹರಹನ್ನು ನಿರ್ಧರಿಸುತ್ತದೆ. ಹೆಸರಿನಲ್ಲಿಯೇ ಗಿಣ್ಣಿನ ಅರ್ಥವಿರುವುದು ಉಚಿತವಾಗಿದೆ. ಕಬ್ಬಿನ ಗಿಣ್ಣುಗಳ ನಡುವಣ ಅಂತರವೂ ಎಲ್ಲೆಡೆ ಒಂದೇ ಆಗಿರುವುದಿಲ್ಲವಷ್ಟೆ.

ಆದುದರಿಂದ ವಿದ್ಯಾರ್ಥಿಗಳು ಕೃತಿಯೊಂದರ ವಿಭಾಗಗಳನ್ನು ಎಣಿಸಿ ಬಿಡದೆ, ಅವುಗಳ ಅಸಮಾನತೆಯನ್ನು ಪರಿಶೀಲಿಸಬೇಕು. ಕವಿಯು ಎಲ್ಲಿ ತಡೆದು ನಿಂತನು, ಎಲ್ಲಿ ಧಾವಿಸಿದನು ಎಂಬುದರಲ್ಲಿ ಅವನ ಮೌಲ್ಯನಿರ್ಣಯ ಅಡಗಿರುತ್ತದೆ. ಸಂಗ್ರಹಗಳಲ್ಲಿ ಮೊದಲು ಅಳಿಸಿಹೋಗುವುದು ಈ ನಿರ್ಣಯವೇ.