ಕರೆಂಟ್‌ಗೆ ಗಡಿ ಇದೆಯಾ? ಕೋಲಾರದಿಂದ ನೇಪಾಳದವರೆಗೆ ಒಂದು ತಂತಿಯ ಕಥೆ

ನಾಯಂಡಹಳ್ಳಿಯಲ್ಲಿ ಮೆಟ್ರೋ ಹತ್ತಿ ಇದನ್ನ ಕೇಳ್ತಿದ್ದೀರಾ? ನಿಮ್ಮ ರೈಲು ಓಡಿಸ್ತಿರೋ ಕರೆಂಟ್ ಇಂಥದ್ದೇ ಊರಿಂದ ಬಂತು ಅಂತ ಯಾರೂ ಬೆರಳು ಮಾಡಿ ತೋರಿಸೋಕಾಗಲ್ಲ. ರಾಯಚೂರಿನ ಕಲ್ಲಿದ್ದಲು, ಶರಾವತಿಯ ನೀರು, ಪಾವಗಡದ ಬಿಸಿಲು ಎಲ್ಲವೂ ಒಂದೇ ಗ್ರಿಡ್‌ಗೆ ಸೇರುತ್ತವೆ. ಭೂತಾನ್, ನೇಪಾಳದ ನದಿಗಳ ಕರೆಂಟೂ ಇವತ್ತು ಅದೇ ಗ್ರಿಡ್‌ಗೆ ಬರುತ್ತೆ.

ಶುರುವಾಗಿದ್ದು ಚಿಕ್ಕದಾಗಿ. 1902ರಲ್ಲಿ ಶಿವನಸಮುದ್ರದ ಕರೆಂಟ್ ಸುಮಾರು 147 ಕಿ.ಮೀ. ದಾಟಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಬೆಂಗಳೂರಿಗೆ ಬಂದಿದ್ದು 1905ರಲ್ಲಿ. ನೂರು ವರ್ಷ ಕಳೆದ ಮೇಲೆ, 2003ರಲ್ಲಿ, ಒಡಿಶಾದ ತಾಲ್ಚೇರ್‌ನಿಂದ ಕೋಲಾರಕ್ಕೇ 1,300 ಕಿ.ಮೀ.ಗೂ ಉದ್ದದ ಡಿಸಿ ಲೈನ್ ಬಂತು.

ಡಿಸಿ ಯಾಕೆ? ಎಸಿ ಲೈನಿನಲ್ಲಿ ಜೋಡಿಸಿದರೆ ಎರಡೂ ಕಡೆಯ ಜನರೇಟರ್‌ಗಳು ಒಂದೇ ತಾಳಕ್ಕೆ ತಿರುಗಬೇಕು. ಒಬ್ಬರು ಎಡವಿದರೆ ಇನ್ನೊಬ್ಬರೂ ಬೀಳಬಹುದು. ಡಿಸಿ ಹಾಗಲ್ಲ, ಅದು ಚಿಲಕ ಇರೋ ಬಾಗಿಲು. 2012ರ ಜುಲೈ 31ರಂದು ಉತ್ತರ, ಪೂರ್ವ, ಈಶಾನ್ಯದ ಗ್ರಿಡ್‌ಗಳು ಕುಸಿದು 60 ಕೋಟಿಗೂ ಹೆಚ್ಚು ಜನಕ್ಕೆ ಕರೆಂಟ್ ಹೋಯ್ತು. ಡಿಸಿ ಮೂಲಕವಷ್ಟೇ ಜೋಡಿಸಿಕೊಂಡಿದ್ದ ದಕ್ಷಿಣದ ಗ್ರಿಡ್ ಬೀಳಲಿಲ್ಲ.

ಹಾಗಾದ್ರೆ ಒಂಟಿಯಾಗಿರೋದೇ ಕ್ಷೇಮ ಅಲ್ವಾ? ಆದರೆ ಅದೇ ಕಾಲದಲ್ಲಿ ಕರ್ನಾಟಕ ಲೋಡ್‌ ಶೆಡ್ಡಿಂಗ್‌ನಲ್ಲಿ ಬಸವಳಿದಿತ್ತು. ಹೊರಗೆ ಕರೆಂಟ್ ಇದ್ದರೂ ತರೋಕೆ ಸಾಕಷ್ಟು ಲೈನ್ ಇರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ 765 ಕೆ.ವಿ. ಎಸಿ ಲೈನ್ ಚಾಲೂ ಆಗಿ ದಕ್ಷಿಣವೂ ದೇಶದ ತಾಳಕ್ಕೆ ಸೇರಿತು.

ದೇಶಗಳ ನಡುವೆಯೂ ಇದೇ ಲೆಕ್ಕ. ನೇಪಾಳ, ಭೂತಾನ್ ನಮ್ಮ ಜೊತೆ ಒಂದೇ ತಾಳದಲ್ಲಿವೆ. ಬಾಂಗ್ಲಾದೇಶದ ಭೇರಾಮಾರಾದಲ್ಲಿ 2013ರಲ್ಲಿ ಹಾಕಿದ್ದು ಡಿಸಿ ಬಾಗಿಲು. 2014ರ ನವೆಂಬರ್ 1ರಂದು ಅದು ಟ್ರಿಪ್ ಆಯ್ತು. ಭಾರತಕ್ಕೇನೂ ಆಗಲಿಲ್ಲ, ಬಾಂಗ್ಲಾದೇಶ ಹೆಚ್ಚುಕಮ್ಮಿ ಪೂರ್ತಿ ಕತ್ತಲಾಯ್ತು. ಚಿಲಕ ಕಾಪಾಡಿದ್ದು ಮಾರುವವರನ್ನ, ಕೊಳ್ಳುವವರನ್ನಲ್ಲ.

ಆದರೂ 2024ರ ಅಕ್ಟೋಬರ್‌ನಲ್ಲಿ ನೇಪಾಳದಿಂದ 40 ಮೆಗಾವ್ಯಾಟ್ ಕೊಳ್ಳೋಕೆ ಬಾಂಗ್ಲಾದೇಶ ಸಹಿ ಹಾಕಿತು. ಎರಡೂ ದೇಶಕ್ಕೆ ಗಡಿ ತಾಗಲ್ಲ, ಕರೆಂಟ್ ಹೋಗಬೇಕಾದ್ದು ಭಾರತದ ತಂತಿಯಲ್ಲೇ. ಅಂದ್ರೆ ಇಲ್ಲಿ ಮಾರುವವರು, ಕೊಳ್ಳುವವರು ಮಾತ್ರ ಅಲ್ಲ, ದಾರಿ ಬಿಡುವವರೂ ಮಾತಿಗೆ ನಿಲ್ಲಬೇಕು. ನೆರೆಯವರ ಕರೆಂಟ್ ತಗೊಳ್ಳೋಣ, ಆದರೆ ಲೈನ್ ಬಿದ್ದ ದಿನ ನಮ್ಮನ್ನ ನಾವೇ ಹೊತ್ತು ನಿಲ್ಲುವಷ್ಟು ಶಕ್ತಿ ಮನೆಯಲ್ಲೂ ಇರಲಿ. ಮುಂದಿನ ಕಂತಲ್ಲಿ ಸಿಗೋಣ.