ಮಿದುಳಿನಲ್ಲಿ ಸ್ಪರ್ಶದ ನೆಲೆ

ಬೆರಳಿಗೆ ಮುಳ್ಳು ತಾಕಿದರೆ ಬೆರಳೇ ಅದನ್ನರಿಯಿತೆಂದು ನಾವು ಭಾವಿಸುತ್ತೇವೆ. ಆದರೆ ಆ ಅರಿವಿನ ನೆಲೆ ಮಿದುಳು. ಎಡಗೈಯ ಸುದ್ದಿ ಮಿದುಳಿನ ಬಲಭಾಗಕ್ಕೂ ಬಲಗೈಯ ಸುದ್ದಿ ಎಡಭಾಗಕ್ಕೂ ಹೋಗಿ ಮುಟ್ಟುತ್ತದೆ. ಈ ನೆಲೆಯನ್ನು ವೈದ್ಯರು ಗುರುತಿಸಿದ ಬಗೆಯನ್ನು ಇಲ್ಲಿ ಸಂಗ್ರಹವಾಗಿ ಹೇಳುವೆವು.

ಇದಕ್ಕೆ ಮೊದಲು ದಾರಿ ತೋರಿಸಿದುದು ಅಪಸ್ಮಾರ ರೋಗವೇ. ಕೆಲವರಲ್ಲಿ ಸೆಳವು ಹೆಬ್ಬೆರಳಿನಲ್ಲಿ ಮೊದಲಾಗಿ, ತೋಳಿಗೆ ಏರಿ, ಕ್ರಮವಾಗಿ ಹರಡುವುದನ್ನು ಲಂಡನ್ನಿನ ಹ್ಯೂಲಿಂಗ್ಸ್ ಜ್ಯಾಕ್ಸನ್ ಎಂಬ ವೈದ್ಯನು ಕಂಡು, ಒಂದೊಂದು ಅಂಗಕ್ಕೂ ಮಿದುಳಿನಲ್ಲಿ ಒಂದೊಂದು ಸ್ಥಾನವಿರಬೇಕೆಂದು ತರ್ಕಿಸಿದನು. 1870ರಲ್ಲಿ ಬರ್ಲಿನ್ನಿನ ಫ್ರಿಟ್ಷ್ ಮತ್ತು ಹಿಟ್ಸಿಗ್ ಎಂಬವರು ನಾಯಿಯ ಮಿದುಳಿಗೆ ವಿದ್ಯುತ್ತನ್ನು ಹಾಯಿಸಿ, ಅದರ ಕಾಲುಗಳು ಅಲುಗುವುದನ್ನು ತೋರಿಸಿದರು.

1874ರಲ್ಲಿ ಅಮೆರಿಕದ ಸಿನ್ಸಿನಾಟಿ ನಗರದ ಬಾರ್ತೊಲೊ ಎಂಬ ವೈದ್ಯನು ಇಂಥ ಪ್ರಯೋಗವನ್ನು ಮನುಷ್ಯರ ಮೇಲೆಯೇ ಮಾಡಿದನು. ಹುಣ್ಣಿನಿಂದ ತಲೆಬುರುಡೆ ಸವೆದುಹೋಗಿದ್ದ ಹೆಂಗಸೊಬ್ಬಳ ಮಿದುಳಿಗೆ ಸೂಜಿಗಳನ್ನು ಚುಚ್ಚಿ ಪ್ರವಾಹವನ್ನು ಹೆಚ್ಚಿಸಿದನು. ಆಕೆಗೆ ಸೆಳವು ಬಂದಿತು. ಕೆಲವೇ ದಿನಗಳಲ್ಲಿ ಆಕೆ ತೀರಿಕೊಂಡಳು. ಆಕೆಯ ರೋಗಕ್ಕೆ ಅದರಿಂದ ಯಾವ ಉಪಕಾರವೂ ಇರಲಿಲ್ಲ. ಇತರ ವೈದ್ಯರು ಅವನನ್ನು ಖಂಡಿಸಿದುದು ನ್ಯಾಯವೇ ಸರಿ.

ಅದೇ ವಿದ್ಯುತ್ತು ರೋಗಿಯ ಹಿತಕ್ಕೆ ಒದಗಿದುದು ಶಸ್ತ್ರಚಿಕಿತ್ಸೆಯಲ್ಲಿ. ಮಿದುಳಿಗೆ ತನ್ನದಾದ ನೋವಿನ ಅರಿವಿಲ್ಲ. ಆದುದರಿಂದ ರೋಗಿಯು ಎಚ್ಚರವಾಗಿರುವಾಗಲೇ ಅದನ್ನು ಪರೀಕ್ಷಿಸಬಹುದು. 1909ರಲ್ಲಿ ಅಮೆರಿಕದ ಹಾರ್ವೆ ಕುಷಿಂಗ್ ಅಪಸ್ಮಾರದ ಇಬ್ಬರು ರೋಗಿಗಳಲ್ಲಿ ಮಿದುಳಿನ ನಡುಸೀಳಿನ ಹಿಂದಣ ಮಡಿಕೆಗೆ ಮೃದುವಾದ ಪ್ರವಾಹವನ್ನು ಮುಟ್ಟಿಸಿದನು. ಅಂಗಗಳು ಅಲುಗಲಿಲ್ಲ; ಆದರೆ ಕೈಯಲ್ಲಿ ಸ್ಪರ್ಶದ ಅನುಭವವಾಯಿತೆಂದು ಅವರು ತಿಳಿಸಿದರು. ಅಂಗದ ಚಲನೆಯನ್ನು ನೋಡುವವನೂ ಕಾಣಬಲ್ಲನು. ಸ್ಪರ್ಶವನ್ನಾದರೋ ಅನುಭವಿಸಿದವನೇ ಹೇಳಬೇಕು. ಇಲ್ಲಿ ರೋಗಿಯ ಮಾತೇ ಪ್ರಮಾಣ.

ಈ ಪ್ರಮಾಣವನ್ನು ತಾಳ್ಮೆಯಿಂದ ಸಂಗ್ರಹಿಸಿದವನು ಕೆನಡಾದ ಮಾಂಟ್ರಿಯಲ್ ನಗರದ ವೈಲ್ಡರ್ ಪೆನ್‌ಫೀಲ್ಡ್. ಅವನು ನೆತ್ತಿಯ ಚರ್ಮವನ್ನು ಮಾತ್ರ ಮರಗಟ್ಟಿಸಿ, ಮಿದುಳಿನ ಒಂದೊಂದು ಎಡೆಯನ್ನೂ ಮುಟ್ಟುತ್ತ, ರೋಗಿಯ ಉತ್ತರವನ್ನು ಬರೆಯಿಸಿ, ಅಲ್ಲಲ್ಲಿ ಅಂಕೆ ಬರೆದ ಸಣ್ಣ ಚೀಟಿಗಳನ್ನು ಇಡುತ್ತಿದ್ದನು. ಒಬ್ಬರಿಗೆ ತುಟಿ ಜುಮ್ಮೆನ್ನುವುದು. ಮತ್ತೊಬ್ಬರಿಗೆ ಬೆರಳು ಮರಗಟ್ಟಿದಂತಾಗುವುದು. 1937ರಲ್ಲಿ ಅವನೂ ಬೋಲ್ಡ್ರಿ ಎಂಬವನೂ 163 ಶಸ್ತ್ರಚಿಕಿತ್ಸೆಗಳ ಫಲವನ್ನು ಪ್ರಕಟಿಸಿದರು. ವಿಶಾಲವಾದ ಬೆನ್ನಿಗೆ ಮಿದುಳಿನಲ್ಲಿ ಅಲ್ಪಸ್ಥಳ. ಚಿಕ್ಕ ತುಟಿಗೂ ಬೆರಳುಗಳಿಗೂ ದೊಡ್ಡ ಸೀಮೆ! ಸ್ಪರ್ಶದ ಸೂಕ್ಷ್ಮತೆಯೇ ಅಲ್ಲಿ ಅಳತೆಗೋಲು, ಅಂಗದ ಗಾತ್ರವಲ್ಲ.

ಈ ನಕ್ಷೆ ಕೇವಲ ಕುತೂಹಲಕ್ಕಾಗಿ ಹುಟ್ಟಿದುದಲ್ಲ. ಸೆಳವಿಗೆ ಮೂಲವಾದ ಭಾಗವನ್ನು ಕತ್ತರಿಸುವಾಗ ಕತ್ತಿ ಎಲ್ಲಿ ನಿಲ್ಲಬೇಕೆಂಬುದನ್ನು ಅದು ಹೇಳುತ್ತದೆ. ಒಂದಿಷ್ಟು ತಪ್ಪಿದರೆ ರೋಗವು ಹೋದರೂ, ಕೈಯಲ್ಲಿರುವುದು ನಾಣ್ಯವೋ ಗುಂಡಿಯೋ ಎಂದು ನೋಡದೆ ತಿಳಿಯುವ ಶಕ್ತಿಯೂ ಹೋದೀತು. ಇಂದು ಎಂ.ಆರ್.ಐ. ಯಂತ್ರವು ತಲೆಯನ್ನು ತೆರೆಯದೆಯೇ ಈ ಸೀಮೆಯನ್ನು ಬಹುಮಟ್ಟಿಗೆ ತೋರಿಸುತ್ತದೆ. ಆದರೂ ಸಂದೇಹವುಳ್ಳ ಎಡೆಯಲ್ಲಿ ಶಸ್ತ್ರವೈದ್ಯರು ಇಂದಿಗೂ ಮೃದುವಾದ ಪ್ರವಾಹವನ್ನು ಮುಟ್ಟಿಸಿ, ಏನು ಅನಿಸಿತೆಂದು ರೋಗಿಯನ್ನೇ ಕೇಳುವುದುಂಟು.