ಕ್ಯಾಂಪಿನಲ್ಲಿ ಪುಟ್ಟ ಕ್ಯಾಮೆರಾ

ಪೂರ್ವಕ್ಕೆ ಕೋಟೆ, ಪಶ್ಚಿಮಕ್ಕೆ ದಂಡು, ಇವೆರಡರ ನಡುವೆ ಹಳೆಯ ಪೇಟೆ, ಹೀಗೆ ಬೆಳೆದುಬಂದ ಊರು ಬೆಳಗಾವಿ. 1818ರಲ್ಲಿ ಕೋಟೆಯು ಥಾಮಸ್ ಮನ್ರೋವಿನ ಸೈನ್ಯಕ್ಕೆ ವಶವಾದ ತರುವಾಯ ಊರಾಚೆಯ ಬಯಲಿನಲ್ಲಿ ನೆಲೆಗೊಂಡ ದಂಡಿನ ಪ್ರದೇಶವನ್ನು ಜನರು ಕ್ಯಾಂಪ್ ಎಂದು ಕರೆದರು. ಇಂದಿಗೂ ಹಾಗೆಯೇ ಕರೆಯುತ್ತಾರೆ. 1856ರಲ್ಲಿ ಸೇಂಟ್ ಪಾಲ್ಸ್ ಶಾಲೆಯೂ, 1869ರಲ್ಲಿ ಸೇಂಟ್ ಮೇರಿ ಚರ್ಚೂ, 1922ರಲ್ಲಿ ಮರಾಠಾ ಪದಾತಿದಳದ ಕೇಂದ್ರವೂ ಒಂದರ ಹಿಂದೊಂದು ಬಂದು ನೆಲಸಿದ ಈ ನೆಲದ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಪಲ್ಟನ್ನುಗಳ ಹೆಸರನ್ನೂ ಕಟ್ಟಡಗಳ ಕಾಲವನ್ನೂ ಹೇಳಿ ಮುಗಿಸುತ್ತಾರೆ. ಇಲ್ಲಿ ಬಾಳಿದ ಜನರ ಮುಖಗಳು ಎಂದು, ಯಾರ ಕೈಯಿಂದ, ಯಾರ ಇಚ್ಛೆಗನುಸಾರವಾಗಿ ಚಿತ್ರಗಳಾದುವು ಎಂಬ ಪ್ರಶ್ನೆಯನ್ನು ಕೇಳಿದವರು ವಿರಳ. ಅಂಗಿಯ ಕಿಸೆಯಲ್ಲಿ ಅಡಗುವ ಡಿಜಿಟಲ್ ಕ್ಯಾಮೆರಾ ಇಲ್ಲಿಯ ಮನೆಗಳನ್ನು ಪ್ರವೇಶಿಸಿದ ಗಳಿಗೆಯ ಮಹತ್ತ್ವವನ್ನು ತಿಳಿಯಬೇಕಾದರೆ ಈ ಪ್ರಶ್ನೆಯಿಂದಲೇ ತೊಡಗಬೇಕು.

ಕ್ಯಾಮೆರಾ ಈ ಸೀಮೆಗೆ ಬಂದುದು ಸರಕಾರದ ಕೆಲಸದ ನಿಮಿತ್ತವಾಗಿ, ಅದೂ ಸೈನ್ಯದವರ ಕೈಯಲ್ಲಿ. ಮುಂಬಯಿ ಫಿರಂಗಿದಳದ ಅಧಿಕಾರಿಯಾದ ಥಾಮಸ್ ಬಿಗ್ಸ್ 1855ರಲ್ಲಿ ಬಿಜಾಪುರ, ಬಾದಾಮಿ, ಐಹೊಳೆ ಮೊದಲಾದೆಡೆಗಳ ಪ್ರಾಚೀನ ಕಟ್ಟಡಗಳನ್ನು ಚಿತ್ರಿಸುವುದಕ್ಕೆ ನಿಯುಕ್ತನಾದನು. ಅವನು ಸೈನ್ಯಕ್ಕೆ ಹಿಂದಿರುಗಿದ ಮೇಲೆ ವೈದ್ಯನಾದ ಪಿಗೂ ಆ ಕಾರ್ಯವನ್ನು ಮುಂದುವರಿಸಿದನು. ಅವರ ಚಿತ್ರಗಳು, ನೀಲ್ ಎಂಬ ಮತ್ತೊಬ್ಬ ಅಧಿಕಾರಿಯ ಚಿತ್ರಗಳೊಡನೆ ಸೇರಿ, ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗ್ಯುಸನ್ ಇವರ ಬರಹದೊಂದಿಗೆ, 1866ರಲ್ಲಿ ಲಂಡನ್ನಿನಲ್ಲಿ ಧಾರವಾಡ ಮತ್ತು ಮೈಸೂರು ಪ್ರಾಂತಗಳ ವಾಸ್ತುಶಿಲ್ಪವನ್ನು ಕುರಿತ ಗ್ರಂಥವಾಗಿ ಪ್ರಕಟವಾದುವು. 1874ರ ಜನವರಿಯಿಂದ ಮೇ ತಿಂಗಳ ತನಕ ಜೇಮ್ಸ್ ಬರ್ಜೆಸ್ ಬೆಳಗಾವಿ ಮತ್ತು ಕಲಾದಗಿ ಜಿಲ್ಲೆಗಳಲ್ಲಿ ಸಂಚರಿಸಿ ಬರೆದ ಸಚಿತ್ರ ವರದಿಯಿಂದ, ರಟ್ಟರ ನಾಲ್ಕನೆಯ ಕಾರ್ತವೀರ್ಯನ ಕಾಲದಲ್ಲಿ, 1204ರ ಸುಮಾರಿಗೆ, ನಮ್ಮ ಕೋಟೆಯೊಳಗೆ ನಿರ್ಮಾಣವಾದ ಬಸದಿಯ ಶಿಲ್ಪವೈಭವವು ದೂರದೇಶದ ಪಂಡಿತರಿಗೂ ಗೋಚರವಾಯಿತು. 1878ರಲ್ಲಿ ಫ್ಲೀಟ್ ಸಂಯೋಜಿಸಿದ ಸಂಪುಟದಲ್ಲಿ ಹಳಗನ್ನಡ ಶಾಸನಗಳೇ ಛಾಯಾಚಿತ್ರಗಳಾಗಿ ಬಂದುವು.

ಹೀಗೆ ಈ ನಾಡಿನ ಆದಿಕಾಲದ ಛಾಯಾಚಿತ್ರಗಳಲ್ಲಿ ಬಹುಪಾಲು ಕಲ್ಲಿನವು. ಬಿಗ್ಸನು ಬಳಸುತ್ತಿದ್ದ ಕಾಗದದ ನೆಗೆಟಿವ್ ಬಿಸಿಲಿನಲ್ಲಿಯೂ ದೀರ್ಘಕಾಲ ಬೆಳಕನ್ನು ಬೇಡುತ್ತಿದ್ದುದರಿಂದ, ಅಲುಗದೆ ನಿಲ್ಲುವ ಕಂಬ, ತೋರಣ, ಶಾಸನಗಳೇ ಅದಕ್ಕೆ ಉಚಿತವಾದ ವಿಷಯಗಳಾಗಿದ್ದುವು. ಆ ಕಾಲದ ಪುರಾತತ್ತ್ವ ಚಿತ್ರಗಳನ್ನು ನಿಧಾನಿಸಿ ನೋಡಿದರೆ ಕೆಲವು ಕಡೆ ಕಂಬದ ಮಗ್ಗುಲಲ್ಲಿ ರುಮಾಲು ಸುತ್ತಿದ ಒಬ್ಬ ಮನುಷ್ಯ ಕಾಣಿಸುತ್ತಾನೆ. ಕಂಬದ ಎತ್ತರ ಎಷ್ಟೆಂದು ನೋಡುವವರಿಗೆ ತಿಳಿಯಲೆಂದು ನಿಲ್ಲಿಸಿದವನು ಆತ. ಕಂಬಕ್ಕೆ ಹೆಸರಿದೆ, ರಾಜನಿಗೆ ಹೆಸರಿದೆ, ಆತನಿಗೆ ಇಲ್ಲ. ನಮ್ಮ ಸಾಮಾನ್ಯ ಜನ ಛಾಯಾಚಿತ್ರವನ್ನು ಪ್ರವೇಶಿಸಿದುದು ಅಳತೆಗೋಲಾಗಿ ಎಂಬುದನ್ನು ನೆನೆದಾಗಲೆಲ್ಲ ನನಗೆ ವ್ಯಥೆಯಾಗುತ್ತದೆ.

ತದನಂತರದ್ದು ಸ್ಟುಡಿಯೋಗಳ ಕಾಲ. ದಂಡಿರುವ ಊರಿನಲ್ಲಿ ಫೋಟೋ ತೆಗೆಯುವವನಿಗೆ ಕೆಲಸದ ಕೊರತೆಯಿರಲಿಲ್ಲ; ತರಬೇತಿ ಮುಗಿಸಿದ ಸಿಪಾಯಿ ಸಮವಸ್ತ್ರದಲ್ಲಿ ನಿಂತು ತೆಗೆಸಿದ ಒಂದು ಚಿತ್ರ ಊರಿನ ತಾಯಿತಂದೆಗಳಿಗೆ ಅವನ ಕಾಗದಕ್ಕಿಂತ ಹೆಚ್ಚಿನ ಸಮಾಧಾನವನ್ನು ಕೊಡುತ್ತಿದ್ದಿತು. ಗೃಹಸ್ಥರಾದರೋ ಮದುವೆಗೋ ಜವಳಕ್ಕೋ ಒಮ್ಮೆ ಸ್ಟುಡಿಯೋದ ಮೆಟ್ಟಿಲು ಹತ್ತಿ, ಬಣ್ಣದ ಪರದೆಯ ಮುಂದೆ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದು, ಉಸಿರು ಕಟ್ಟಿ ಕುಳಿತುಕೊಳ್ಳುತ್ತಿದ್ದರು. ಗದ್ದ ಎಷ್ಟು ಎತ್ತಬೇಕು, ಸೆರಗು ಎಲ್ಲಿರಬೇಕು, ಕಣ್ಣು ಯಾವ ಕಡೆಗಿರಬೇಕು, ಎಲ್ಲವನ್ನೂ ನಿರ್ಧರಿಸುವವನು ಕರಿಯ ಬಟ್ಟೆಯೊಳಗೆ ತಲೆ ಹುದುಗಿಸಿದ ಆ ಮನುಷ್ಯನೇ. ಕೆಲವು ದಿನಗಳ ಮೇಲೆ ಕೈಗೆ ಬಂದ ಚಿತ್ರ ಹೇಗಿದ್ದರೂ ಅದೇ ತಮ್ಮ ಮುಖವೆಂದು ಒಪ್ಪಿಕೊಳ್ಳಬೇಕಾಗಿದ್ದಿತು. 1924ರ ಡಿಸೆಂಬರಿನಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ಇದೇ ಊರಿನಲ್ಲಿ ಕಾಂಗ್ರೆಸ್ ಅಧಿವೇಶನ ಜರುಗಿದಾಗಲೂ ಮುಂದಾಳುಗಳ ಮುಖಗಳು ಚಿತ್ರಗಳಲ್ಲಿ ಉಳಿದುವು. ಅಲ್ಲಿ ನೀರು ಹೊತ್ತ, ಅಡಿಗೆ ಮಾಡಿದ ಸಹಸ್ರಾರು ಜನರ ಮುಖಗಳು ಗುಂಪಿನಲ್ಲಿ ಚುಕ್ಕೆಗಳಾದುವು.

ಯಂತ್ರವೇನೋ ಕುಗ್ಗುತ್ತ ಬಂದಿತು. ಈಸ್ಟ್‌ಮನ್ನನ ಕೊಡ್ಯಾಕ್ 1888ರಲ್ಲಿ, ಒಂದು ಡಾಲರಿನ ಬ್ರೌನಿ 1900ರಲ್ಲಿ, ಲೈಕಾ 1925ರಲ್ಲಿ ಹೊರಬಂದುವು. ನಮ್ಮ ಮಧ್ಯಮವರ್ಗದ ಮನೆಗಳಿಗೆ ಬಂದುದು ಸ್ವಾತಂತ್ರ್ಯೋತ್ತರ ಕಾಲದಲ್ಲಿ, ಭಾರತದಲ್ಲಿಯೇ ತಯಾರಾದ ಆಗ್ಫಾ ಕ್ಲಿಕ್ ಮೂರರ ರೂಪದಲ್ಲಿ: ಬಿಸಿಲಿಗೊಂದು, ಮೋಡಕ್ಕೊಂದು ಗುರುತು, ಒಂದು ರೀಲಿಗೆ 12 ಚಿತ್ರ. ಮುಂದೆ 35 ಮಿಲಿಮೀಟರಿನ ರೀಲು ಬಂದು ಸಂಖ್ಯೆ 36ಕ್ಕೇರಿತು. ಜೋಪಾನವಾಗಿ ಸುತ್ತಿದವರು ಇನ್ನೊಂದೆರಡನ್ನು ಗಿಟ್ಟಿಸುತ್ತಿದ್ದರು. ಆದರೆ ಪ್ರತಿಯೊಂದು ಗುಂಡಿಯೊತ್ತಿಗೂ ಬೆಲೆಯಿದ್ದಿತು. ರೀಲು ಮುಗಿಯುವ ತನಕ ಕಾದು, ತೊಳೆಸಿ, ಪ್ರಿಂಟು ಹಾಕಿಸುವಷ್ಟರಲ್ಲಿ ಗಣಪತಿ ಹಬ್ಬದ ಚಿತ್ರವೂ ಸಂಕ್ರಾಂತಿಯ ಚಿತ್ರವೂ ಒಂದೇ ಲಕೋಟೆಯಲ್ಲಿ ಬರುತ್ತಿದ್ದುವು. ಸಾಲದುದಕ್ಕೆ ನಮ್ಮ ಮಳೆಗಾಲ. ಖಾನಾಪುರದ ಕಡೆಯ ಮನೆಗಳಲ್ಲಂತೂ ಕಪಾಟಿನಲ್ಲಿಟ್ಟ ಕ್ಯಾಮೆರಾದ ಮಸೂರಕ್ಕೆ ಬೂಷ್ಟು ಹಿಡಿಯುವುದು ಸಾಮಾನ್ಯವಾಗಿದ್ದಿತು.

ರೀಲನ್ನೇ ಇಲ್ಲವಾಗಿಸಿದ ಆವಿಷ್ಕಾರದ ಮೂಲ 1969ರದು: ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಬಾಯ್ಲ್ ಮತ್ತು ಸ್ಮಿತ್ ರೂಪಿಸಿದ, ಬೆಳಕನ್ನು ವಿದ್ಯುತ್ತಾಗಿ ಗ್ರಹಿಸಿ ಎಣಿಸಲು ಅನುವಾಗಿಸುವ ಸಿಸಿಡಿ ಫಲಕ. ಅದಕ್ಕಾಗಿ 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ಬಂದಿತು. 1975ರಲ್ಲಿ ಕೊಡ್ಯಾಕಿನ ಸ್ಟೀವನ್ ಸ್ಯಾಸನ್ ಅದನ್ನು ಬಳಸಿ ಕಟ್ಟಿದ ಕ್ಯಾಮೆರಾ ಸುಮಾರು 3.6 ಕಿಲೋ ತೂಗುತ್ತಿದ್ದು, 10,000 ಬಿಂದುಗಳ ಒಂದು ಚಿತ್ರವನ್ನು ಕ್ಯಾಸೆಟ್ಟಿಗೆ ಇಳಿಸಲು 23 ಸೆಕೆಂಡು ತೆಗೆದುಕೊಳ್ಳುತ್ತಿದ್ದಿತು. 1995ರ ಕ್ಯಾಸಿಯೋ ಬೆನ್ನಿನಲ್ಲಿ ಪುಟ್ಟ ಪರದೆಯನ್ನು ಹೊತ್ತು ಬಂದಿತು. 2000ದಲ್ಲಿ ಬಂದ ಕ್ಯಾನನ್ನಿನ ಡಿಜಿಟಲ್ ಇಕ್ಸಸ್ 20 ಲಕ್ಷ ಬಿಂದುಗಳನ್ನು ಅಂಗೈಯಗಲದ ಲೋಹದ ಪೆಟ್ಟಿಗೆಯಲ್ಲಿ ಅಡಗಿಸಿತು. ಈ ವಂಶದ ಕ್ಯಾಮೆರಾಗಳೇ ನಾಲ್ಕೈದು ವರ್ಷಗಳಲ್ಲಿ ಕ್ಯಾಂಪಿನ ಮನೆಗಳನ್ನೂ ಮುಟ್ಟಿದುವು.

ಅಂಥದೊಂದನ್ನು ಮೊದಲು ಕೈಯಲ್ಲಿ ಹಿಡಿದಾಗ ನನ್ನನ್ನು ಸೆಳೆದುದು ಅದರ ಸಣ್ಣತನವಲ್ಲ, ಅದರ ವರ್ತನೆ. ಗುಂಡಿ ಒತ್ತಿದೊಡನೆ ಮಸೂರವು ಆಮೆಯ ತಲೆಯಂತೆ ಹೊರಚಾಚಿತು. ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಪರದೆಯ ಮೇಲೆ ಮುಖದ ಸುತ್ತ ಹಸಿರು ಚೌಕ ಮೂಡಿತು. ಪೂರ್ತಿ ಒತ್ತಿದ ಮೇಲೂ ಒಂದು ಕ್ಷಣ ತಡೆದು ಚಿತ್ರ ಹಿಡಿಯುತ್ತಿದ್ದುದರಿಂದ, ಮೈದಾನದಲ್ಲಿ ಓಡುವ ಹುಡುಗನ ಬದಲು ಅವನು ಬಿಟ್ಟುಹೋದ ಧೂಳು ಮಾತ್ರ ದಕ್ಕಿತು. ಖಾನಾಪುರ ರಸ್ತೆಯ ನಡುಹಗಲಿನ ಬಿಸಿಲಿನಲ್ಲಿ ಪರದೆಯಲ್ಲಿ ನನ್ನ ಕೈಬೆರಳುಗಳ ಪ್ರತಿಬಿಂಬವಲ್ಲದೆ ಬೇರೇನೂ ಕಾಣಲಿಲ್ಲ. ಮಳೆಗಾಲದ ಮಬ್ಬಿನಲ್ಲಿ ನಡುಮನೆಯೊಳಗೆ ತೆಗೆದ ಚಿತ್ರವೆಲ್ಲ ರವೆ ಚೆಲ್ಲಿದ ಹಾಗೆ ಕಂಡಿತು. ರೀಲಿನ ಚೌಕಟ್ಟು 36 × 24 ಮಿಲಿಮೀಟರಾದರೆ ಇಂಥ ಕ್ಯಾಮೆರಾದ ಗ್ರಾಹಕ ಫಲಕ ಸುಮಾರು 5.8 × 4.3 ಮಾತ್ರವಾಗಿದ್ದು, ಅಷ್ಟು ಕಿರಿದಾದ ಕಿಟಕಿಯಿಂದ ಬರುವ ಬೆಳಕು ಮಂದಬೆಳಕಿನಲ್ಲಿ ಸಾಲದು.

ಈ ಕುಂದುಗಳನ್ನೆಲ್ಲ ಮರೆಸಿದುದು ಮನೆಯ ಆಯಿಯ ಒಂದು ಮಾತು. ಚಿತ್ರ ತೆಗೆದೊಡನೆ "ಎಲ್ಲೆ ಐತಿ, ತೋರಸಪಾ" ಎಂದು ಹತ್ತಿರ ಕರೆದು, ಕನ್ನಡಕವನ್ನು ಸರಿಪಡಿಸಿಕೊಂಡು, ಪರದೆಯನ್ನು ಬಹಳ ಹೊತ್ತು ನೋಡಿ, "ಇದು ಬ್ಯಾಡ, ಕಣ್ಣ ಮುಚ್ಚೇನಿ. ಇನ್ನೊಂದ ತಗಿ" ಎಂದರು. ಆಯುಷ್ಯದಲ್ಲಿ ಹತ್ತಾರು ಬಾರಿ ಫೋಟೋಕ್ಕೆ ನಿಂತಿದ್ದ ಆ ಹಿರಿಯರು ತಮ್ಮ ಚಿತ್ರವನ್ನು ನಿರಾಕರಿಸಿದುದು ಅದೇ ಮೊದಲು. ಅಳತೆಗೋಲಾಗಿ ನಿಂತವನಿಗೂ, ಬಣ್ಣದ ಪರದೆಯ ಮುಂದೆ ಉಸಿರು ಕಟ್ಟಿದವರಿಗೂ ಇಲ್ಲದಿದ್ದ ಅಧಿಕಾರವನ್ನು ಬೆನ್ನಿನ ಆ ಕಿರುಪರದೆ ಅವರಿಗೆ ಕೊಟ್ಟಿತು. ತೆಗೆಯುವವನೂ ತೆಗೆಸಿಕೊಳ್ಳುವವರೂ ಕೂಡಿ ಒಂದೇ ಚಿತ್ರವನ್ನು ನೋಡಿ ವಿಚಾರಿಸುವ ಈ ಪದ್ಧತಿಯನ್ನು, ಕ್ಯಾಮೆರಾದ ಇತಿಹಾಸದಲ್ಲಿ ರೀಲಿನ ಆಗಮನಕ್ಕಿಂತಲೂ ದೊಡ್ಡ ತಿರುವೆಂದು ನಾನು ಭಾವಿಸುತ್ತೇನೆ. ಮುಂದೆ ಮೊಬೈಲು ಬಂದು ಈ ಪುಟ್ಟ ಕ್ಯಾಮೆರಾವನ್ನೂ ಬದಿಗೊತ್ತಿದುದು, 2012ರ ಜನವರಿಯಲ್ಲಿ ಕೊಡ್ಯಾಕ್ ದಿವಾಳಿ ಅರ್ಜಿ ಹಾಕಿದುದು, ಎಲ್ಲರೂ ಬಲ್ಲ ಸಂಗತಿ.

ಒಂದು ವಿಷಯ ಮಾತ್ರ ನನ್ನನ್ನು ಕಾಡುತ್ತದೆ. ಬಿಗ್ಸ್ ಮತ್ತು ಪಿಗೂ ತೆಗೆದ ಕಲ್ಲಿನ ಚಿತ್ರಗಳು ಲಂಡನ್ನಿನ ಗ್ರಂಥಾಲಯದಲ್ಲಿ ಇಂದಿಗೂ ಸುರಕ್ಷಿತವಾಗಿವೆ. ನಾವು ಆ ಪುಟ್ಟ ಕ್ಯಾಮೆರಾಗಳಿಂದ ತೆಗೆದ ಮನೆಯವರ ಚಿತ್ರಗಳು ಕೆಟ್ಟ ಕಂಪ್ಯೂಟರುಗಳಲ್ಲಿ, ಓದಲಾಗದ ಸೀಡಿಗಳಲ್ಲಿ, ಎಲ್ಲಿಯೋ ಬಿದ್ದ ಮೆಮರಿ ಕಾರ್ಡುಗಳಲ್ಲಿ ನಾಶವಾಗುತ್ತಿವೆ. ಹಳೆಯ ಸ್ಟುಡಿಯೋಗಳ ನೆಗೆಟಿವುಗಳನ್ನು ಬೆಳ್ಳಿಯ ಆಸೆಗೆ ಗುಜರಿಗೆ ಹಾಕುವುದೂ ಉಂಟು. ಕ್ಯಾಂಪಿನಲ್ಲಿಯೂ ಪೇಟೆಯಲ್ಲಿಯೂ ಖಾನಾಪುರದಲ್ಲಿಯೂ ಇಂಥ ಸಂಗ್ರಹ ಉಳ್ಳವರು ದಯವಿಟ್ಟು ಅದನ್ನು ಎಸೆಯಬಾರದು. ಮನೆಯ ಹಿರಿಯರು ಇರುವಾಗಲೇ ಅವರನ್ನು ಕೇಳಿ, ಆಯ್ದ ಚಿತ್ರಗಳನ್ನು ಪ್ರಿಂಟು ಹಾಕಿಸಿ, ಬೆನ್ನಿಗೆ ಪೆನ್ಸಿಲಿನಿಂದ ಹೆಸರು, ಊರು, ವರ್ಷಗಳನ್ನು ಬರೆದಿಡಬೇಕು. 2010ರಲ್ಲಿ ಸ್ಥಾಪಿತವಾದ ನಮ್ಮ ರಾಣಿ ಚನ್ನಮ್ಮ ವಿಶ್ವವಿದ್ಯಾಲಯವು ಈ ಚಿತ್ರಗಳ ಪ್ರತಿಗಳನ್ನು ಸಂಗ್ರಹಿಸುವ ಹೊಣೆಯನ್ನು ವಹಿಸಿಕೊಳ್ಳಬೇಕೆಂದು ನನ್ನ ವಿನಂತಿ.